ಹೇಳಿದ ನಾಟಕ, ಉಳಿದ ನಾಟಕ: ಟಿ.ಪಿ. ಕೈಲಾಸಂ

ನಾಟಕಕಾರನೆಂದರೆ ನಾಟಕ ಬರೆಯುವವನು ಎಂಬುದು ಲೋಕರೂಢಿ. ಈ ರೂಢಿಗೆ ಹೊರತಾಗಿ ನಿಂತವರು ತ್ಯಾಗರಾಜ ಪರಮಶಿವ ಕೈಲಾಸಂ. ಅವರ ನಾಟಕಗಳು ಮೊದಲು ಹುಟ್ಟಿದ್ದು ಕಂಠದಲ್ಲಿ. ಗೆಳೆಯರ ಮನೆಯ ಹಜಾರದಲ್ಲೋ ಕಾಲೇಜಿನ ಸಭಾಂಗಣದಲ್ಲೋ ಒಬ್ಬರೇ ಕುಳಿತು, ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡುತ್ತಾ, ದನಿ ಬದಲಿಸುತ್ತಾ, ಇಡೀ ನಾಟಕವನ್ನು ಕೇಳುಗರ ಮುಂದೆ ಒಪ್ಪಿಸಿಬಿಡುತ್ತಿದ್ದರು. ಲೇಖನಿ ಹಿಡಿದು ಕೂರುವುದು ಅವರ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಇಂದು ಅಚ್ಚಿನಲ್ಲಿ ಸಿಗುವ ಕೈಲಾಸಂ ನಾಟಕಗಳ ದೊಡ್ಡ ಭಾಗ ಅವರು ಹೇಳಿದ್ದು, ಬೇರೊಬ್ಬರು ಬರೆದುಕೊಂಡದ್ದು. ಬರೆದುಕೊಳ್ಳುವವರು ಎದುರಿಗಿಲ್ಲದ ಹೊತ್ತಿನಲ್ಲಿ ಹೇಳಿದ್ದು ಆ ಸಂಜೆಯೊಂದಿಗೇ ಮುಗಿದುಹೋಯಿತು.

ಕೈಲಾಸಂ ಜನಿಸಿದ್ದು 1884ರ ಜುಲೈ 29ರಂದು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಮನೆಮಾತು ತಮಿಳು. ತಂದೆಯವರೂ ಸಾಮಾನ್ಯ ಕುತೂಹಲದ ಮನುಷ್ಯರಲ್ಲ. ಋಗ್ವೇದದ ಮಂತ್ರಗಳನ್ನು ಭೂವಿಜ್ಞಾನದ ಕಣ್ಣಿನಿಂದ ಓದಿ ಗ್ರಂಥ ಬರೆದವರು, ರಾಮಾಯಣದ ಲಂಕೆ ಮಧ್ಯ ಭಾರತದಲ್ಲಿತ್ತೆಂದು ವಾದಿಸಿದವರು. ಮಗ ಭೂವಿಜ್ಞಾನದ ವ್ಯಾಸಂಗಕ್ಕೆ ಹೊರಟದ್ದರ ಹಿಂದೆ ಆ ಮನೆಯ ಗಾಳಿಯೂ ಇದ್ದಿರಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದ ಕೈಲಾಸಂ, ಅಲ್ಲಿ ಕಲ್ಲುಗಳ ಜೊತೆಗೆ ನಾಟಕಶಾಲೆಗಳನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಇಂಗ್ಲೆಂಡಿನ ಜನ ಹಾಡಿಕೊಳ್ಳುತ್ತಿದ್ದ ಟಿಪ್ಪರರಿಯ ಹಾಡು ಕನ್ನಡದಲ್ಲಿ ತಿಪ್ಪಾರಳ್ಳಿಯ ಹಾಡಾದದ್ದು ಇದೇ ಕಿವಿಯ ಚಮತ್ಕಾರ.

1915ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ದೊರೆಯಿತು. ಕೆಲವೇ ವರ್ಷಗಳಲ್ಲಿ ಅದನ್ನು ಬಿಟ್ಟರು. ಆ ಕಾಲದ ಲೆಕ್ಕದಲ್ಲಿ ಇದು ಬುದ್ಧಿವಂತರು ಮಾಡುವ ಕೆಲಸವಲ್ಲ. ಅಲ್ಲಿಂದ ಮುಂದೆ ನಿಶ್ಚಿತ ವರಮಾನವಿಲ್ಲ, ದಿನಚರಿಯಿಲ್ಲ. ಸಂಸಾರ ಸುಖವಾಗಿ ಸಾಗಲಿಲ್ಲ. ಮದ್ಯಪಾನ, ಧೂಮಪಾನಗಳೆರಡೂ ಅವರ ಒಡನಾಡಿಗಳಾದವು. ಈ ಸಂಗತಿಗಳನ್ನೇ ರಸವತ್ತಾಗಿ ಹೇಳಿ ಕೈಲಾಸಂ ಅವರನ್ನು ಬರೀ ವಿಲಕ್ಷಣ ವ್ಯಕ್ತಿಯನ್ನಾಗಿ ಮಾಡಿದ ಬರಹಗಳು ಬೇಕಾದಷ್ಟಿವೆ. ಅವರ ನಾಟಕದ ಕಸುಬನ್ನು ಗಮನಿಸಿದವರು ಅಷ್ಟು ಮಂದಿಯಿಲ್ಲ.

ಆ ಕಸುಬಿನ ಮಹತ್ವ ತಿಳಿಯಬೇಕಾದರೆ ಅಂದಿನ ರಂಗಭೂಮಿ ಹೇಗಿತ್ತೆಂಬುದನ್ನು ನೆನೆಯಬೇಕು. ಅದು ವೃತ್ತಿ ಕಂಪನಿಗಳ ಕಾಲ. ವರದಾಚಾರ್ಯರ ಕಂಠಕ್ಕೆ, ಗುಬ್ಬಿ ಕಂಪನಿಯ ವೈಭವಕ್ಕೆ ಜನ ಮುಗಿಬೀಳುತ್ತಿದ್ದರು. ಪೌರಾಣಿಕ ಕಥೆ, ಹಾರ್ಮೋನಿಯಂ, ಬಣ್ಣದ ಪರದೆಗಳು, ಸ್ತ್ರೀವೇಷ ತೊಟ್ಟ ಗಂಡಸರು, ಮತ್ತೆ ಮತ್ತೆ ಹಾಡಿಸಿಕೊಳ್ಳುವ ಪದ್ಯಗಳು. ರಾಜ ರಾಣಿಯರಾಡುವ ಕನ್ನಡ ಗ್ರಂಥದ ಕನ್ನಡ. ಪ್ರೇಕ್ಷಕ ತನ್ನ ಮನೆಗೆ ಹೋಗಿ ಆಡುವ ಕನ್ನಡಕ್ಕೆ ಆ ವೇದಿಕೆಯ ಮೇಲೆ ಗೌರವದ ಸ್ಥಾನವಿರಲಿಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ವಿದ್ಯಾವಂತ ಹವ್ಯಾಸಿಗಳನ್ನು ಒಂದೆಡೆ ಸೇರಿಸಿತ್ತಾದರೂ, ಅವರಿಗೆ ಬೇಕಾದ ಹೊಸ ಬಗೆಯ ನಾಟಕಗಳ ಕೊರತೆಯಿತ್ತು.

1918ರ ಸುಮಾರಿಗೆ 'ಟೊಳ್ಳುಗಟ್ಟಿ' ಬಂತು. ಪರೀಕ್ಷೆಯಲ್ಲಿ ಮುಂದಿರುವ ಮಗನೊಬ್ಬ, ಪುಸ್ತಕ ಕಂಡರೆ ಹಿಂಜರಿಯುವ ಮಗನೊಬ್ಬ. ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು ಎಂಬುದೇ ಕಥೆ. ಇಂದು ಕೇಳಿದರೆ ಸರಳವೆನಿಸೀತು. ಆದರೆ ಮಕ್ಕಳ ಅಂಕಪಟ್ಟಿಯನ್ನೇ ಕುಟುಂಬದ ಪ್ರತಿಷ್ಠೆಯೆಂದು ತಿಳಿದಿದ್ದ ಮಧ್ಯಮ ವರ್ಗದ ಮನೆಯೊಳಗಿನ ಮಾತುಕತೆ, ಅದು ನಡೆಯುವಂತೆಯೇ, ರಂಗದ ಮೇಲೆ ಕೇಳಿಬಂದದ್ದು ಹಳೆಯ ಮೈಸೂರಿನ ಪ್ರೇಕ್ಷಕರಿಗೆ ಹೊಸ ಅನುಭವ. ಕನ್ನಡದಲ್ಲಿ ಇದೇ ಮೊದಲ ಸಾಮಾಜಿಕ ನಾಟಕವೆಂದು ಹೇಳುವ ವಾಡಿಕೆಯುಂಟು. ಅದು ಸರಿಯಲ್ಲ. ಉತ್ತರ ಕನ್ನಡದ ಸೂರಿ ವೆಂಕಟರಮಣ ಶಾಸ್ತ್ರಿಗಳು 'ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ'ವನ್ನು ಹವ್ಯಕರ ಆಡುನುಡಿಯಲ್ಲಿ 1887ರಲ್ಲೇ ಪ್ರಕಟಿಸಿದ್ದರು. ಕೈಲಾಸಂ ಅವರ ಹೆಗ್ಗಳಿಕೆಗೆ ಈ ಮೊದಲಿಗತನದ ಹಂಗು ಬೇಕಿಲ್ಲ.

ಅವರ ನಾಟಕಗಳ ಹೆಸರುಗಳನ್ನೇ ನೋಡಿ. 'ಬಂಡವಾಳವಿಲ್ಲದ ಬಡಾಯಿ' ಎಂದು ಶಿಷ್ಟವಾಗಿ ಬರೆಯಬಹುದಿತ್ತು. ಅಚ್ಚಾದದ್ದು 'ಬಂಡ್ವಾಳ್ವಿಲ್ಲದ್ಬಡಾಯಿ' ಎಂದು. 'ತಾಳಿ ಕಟ್ಟೋಕ್ಕೂಲೀನೇ' ಎಂಬ ಹೆಸರಿನಲ್ಲಿ ವರದಕ್ಷಿಣೆಯ ಮೇಲಿನ ಇಡೀ ಸಿಟ್ಟು ಒಂದೇ ಉಸಿರಿನಲ್ಲಿ ಹೊರಬರುತ್ತದೆ. ಕಣ್ಣಿಗೆ ಈ ಕಾಗುಣಿತ ತೊಡಕು. ಗಟ್ಟಿಯಾಗಿ ಉಚ್ಚರಿಸಿದೊಡನೆ ಯಾರೋ ಪಕ್ಕದಲ್ಲಿ ಕುಳಿತು ಮಾತನಾಡಿದಂತೆ ಸಲೀಸು. ಹೇಳಿ ಬರೆಸಿದ ನಾಟಕದ ಗುರುತು ಇದೇ. ವ್ಯಾಕರಣದ ಅಂಕೆಯಲ್ಲಿ ಲೇಖನಿ ಹಿಡಿದವರಿಗೆ ಸ್ವರಗಳನ್ನು ಇಷ್ಟು ಧೈರ್ಯವಾಗಿ ನುಂಗಲು ಬಹುಶಃ ಕೈ ಬರುತ್ತಿರಲಿಲ್ಲ. ಕನ್ನಡ ಮನೆಮಾತಾಗಿಲ್ಲದ ಕೈಲಾಸಂ ಆ ಭಾಷೆಯನ್ನು ಪಂಡಿತರ ಪಾಠಕ್ಕಿಂತ ಹೆಚ್ಚಾಗಿ ಬೀದಿ, ಅಂಗಡಿ, ಅಡುಗೆಮನೆಗಳಿಂದ ಕಿವಿಯಾರೆ ಎತ್ತಿಕೊಂಡವರು.

ಹೀಗೆ ಎತ್ತಿಕೊಂಡದ್ದರಲ್ಲಿ ಇಂಗ್ಲಿಷೂ ಇತ್ತು. ಬಡಾಯಿಯ ವಕೀಲ ಅಹೋಬ್ಲು ಆಡುವ ಮಾತಿನಲ್ಲಿ ಎರಡು ಭಾಷೆಗಳು ಹೆಗಲ ಮೇಲೆ ಕೈಹಾಕಿಕೊಂಡು ನಡೆಯುತ್ತವೆ. ಕನ್ನಡವನ್ನು ಕೆಡಿಸಿದರೆಂಬ ಆಕ್ಷೇಪ ಕೈಲಾಸಂ ಅವರನ್ನು ಬಿಡದೆ ಕಾಡಿತು. ಇಂಗ್ಲಿಷ್ ಕಲಿತ ಮೈಸೂರು, ಬೆಂಗಳೂರುಗಳ ಬ್ರಾಹ್ಮಣ ಮನೆಗಳಲ್ಲಿ ಜನ ಹಾಗೆಯೇ ಮಾತನಾಡುತ್ತಿದ್ದರು, ಆ ಮಾತಿನ ಬಡಾಯಿಯೇ ಅವರ ಗುರಿಯಾಗಿತ್ತು ಎಂಬುದನ್ನು ಆಕ್ಷೇಪಿಸಿದವರು ಗಮನಿಸಿದಂತೆ ಕಾಣುವುದಿಲ್ಲ. ಆದರೆ ಒಂದು ಮಿತಿಯನ್ನು ಒಪ್ಪಲೇಬೇಕು. ಅವರ ಕನ್ನಡ ಲೋಕ ಕಿರಿದು. ಹಳೆಯ ಮೈಸೂರಿನ ಹೊರಗೆ ಧಾರವಾಡದಲ್ಲೋ ಮಂಗಳೂರಿನಲ್ಲೋ ಆ ಹಾಸ್ಯದ ಅರ್ಧ ಸೊಗಸು ಸೋರಿಹೋಗುತ್ತದೆ.

ನಗಿಸಿದ್ದರಿಂದಲೇ ಅವರನ್ನು ಹಗುರವಾಗಿ ಕಂಡವರುಂಟು. 'ಬಹಿಷ್ಕಾರ' ಓದಿದವರು ಹಾಗೆನ್ನಲಾರರು. ಸಕಾಲಕ್ಕೆ ಮಗಳ ಮದುವೆ ಮಾಡದ ಮನೆಯ ಮೇಲೆ ಸ್ವಜಾತಿಯೇ ತಿರುಗಿಬೀಳುವ ಆ ನಾಟಕದಲ್ಲಿ ನಗುವಿಗೆ ಎಡೆ ಬಹಳ ಕಡಿಮೆ. 'ಸೂಳೆ' ಎಂಬ ಹೆಸರಿಟ್ಟು ನಾಟಕ ಹೇಳುವುದಕ್ಕೂ ಆ ಕಾಲದಲ್ಲಿ ಎದೆಗಾರಿಕೆ ಬೇಕಿತ್ತು.

ವಿಚಿತ್ರವೆಂದರೆ, ಮನೆ ಮಾತನ್ನು ರಂಗಕ್ಕೆ ತಂದ ಇದೇ ಕೈಲಾಸಂ ಪುರಾಣ ಪುರುಷರ ವಿಷಯಕ್ಕೆ ಬಂದಾಗ ಇಂಗ್ಲಿಷಿಗೆ ಹೊರಳಿದರು. ಭರತ, ಏಕಲವ್ಯ, ಕರ್ಣ, ಕೀಚಕ ಇವರೆಲ್ಲ ಷೇಕ್ಸ್‌ಪಿಯರನ ನೆರಳಿನ ಇಂಗ್ಲಿಷಿನಲ್ಲಿ ಮಾತನಾಡಿದರು. ಏಕಲವ್ಯನ ಕಥೆಯನ್ನು 'ದಿ ಪರ್ಪಸ್', 'ಫುಲ್‌ಫಿಲ್‌ಮೆಂಟ್' ಎಂದು ಎರಡು ನಾಟಕಗಳಲ್ಲಿ ಹಿಡಿದರು. ಇದನ್ನು ಕನ್ನಡದ ಮೇಲಿನ ಅನಾದರವೆಂದು ಭಾವಿಸಬೇಕಿಲ್ಲ. ಕನ್ನಡ ಅವರ ಕಿವಿಗೆ ತೀರಾ ಹತ್ತಿರದ, ತೀರಾ ಜೀವಂತವಾದ ನುಡಿ. ಅದರಲ್ಲಿ ಬಾಯಿ ತೆರೆದರೆ ದ್ರೋಣಾಚಾರ್ಯರೂ ಚಾಮರಾಜಪೇಟೆಯ ಮೇಷ್ಟ್ರಂತೆ ಕೇಳಿಸುವ ಅಪಾಯವಿತ್ತು. ಕಂಪನಿ ನಾಟಕಗಳ ಗ್ರಾಂಥಿಕ ಕನ್ನಡವನ್ನು ಗೇಲಿ ಮಾಡಿದವರು ಮತ್ತೆ ಅದನ್ನೇ ಬಳಸುವಂತಿರಲಿಲ್ಲ. ಪರಿಣಾಮವಾಗಿ ಅವರ ಗಂಭೀರ ನಾಟಕಗಳು ಕನ್ನಡದ ಸಾಮಾನ್ಯ ಪ್ರೇಕ್ಷಕರಿಗೆ ದೂರವೇ ಉಳಿದವು.

ಬರೆದುಕೊಳ್ಳುವವರ ಪಾಡಂತೂ ಬೇರೆಯೇ ಕಥೆ. ಕೈಲಾಸಂ ಅವರ ವಾಚನ ಕಂಠಪಾಠದ ಒಪ್ಪಿಸುವಿಕೆಯಲ್ಲ. ಕೇಳುಗರು ನಕ್ಕ ಕಡೆ ಮಾತು ಬೆಳೆಯುವುದು, ಮೌನವಾದ ಕಡೆ ಕುಗ್ಗುವುದು ಇಂಥ ಕಲೆಯ ಸ್ವಭಾವ. ಹೊಸ ನಾಟಕವನ್ನು ವೇದಿಕೆಗೆ ತರುವ ಮುನ್ನ ಕೇಳುಗರ ಎದುರು ಓದಿ ತಿದ್ದಿಕೊಳ್ಳುವ ಕ್ರಮ ಇಂದು ನಾಟಕಕಾರರಿಗೆ ಪರಿಚಿತ. ಅಲ್ಲಿ ಓದು ಮೆಟ್ಟಿಲು, ತಿದ್ದಿದ ಪ್ರತಿಯೇ ಗುರಿ. ಕೈಲಾಸಂ ಅವರಲ್ಲಿ ಓದುವಿಕೆಯೇ ಪ್ರದರ್ಶನ, ಪ್ರತಿಯೆಂಬುದು ಗೆಳೆಯರ ಒತ್ತಾಯಕ್ಕೆ ಕಟ್ಟುಬಿದ್ದು ಒದಗಿಸಿದ ಉಪಕಾರ. ಹಾಗಾಗಿ ಒಂದೇ ನಾಟಕವನ್ನು ಬೇರೆ ಬೇರೆ ಸಂಜೆ ಕೇಳಿದವರ ನೆನಪಿನಲ್ಲಿ ಬೇರೆ ಬೇರೆ ರೂಪಗಳು ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅವುಗಳಲ್ಲಿ ಅಚ್ಚಿಗೆ ಸಿಕ್ಕಿದ್ದು ಒಂದು ಮಾತ್ರ. ಅದು ಅತ್ಯುತ್ತಮವಾದದ್ದೇ ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಈ ದುಡಿಮೆಯಲ್ಲಿ ನೆನೆಯಬೇಕಾದ ಹೆಸರು ಬಿ.ಎಸ್. ರಾಮರಾವ್ ಅವರದು. ಮಾತಿನ ವೇಗಕ್ಕೆ ಕೈ ಓಡಿಸುತ್ತಾ ತಾಳ್ಮೆಯಿಂದ ಬರೆದುಕೊಂಡ ಇಂಥ ಆಪ್ತರಿಲ್ಲದಿದ್ದರೆ ಕೈಲಾಸಂ ಇಂದು ಹಾಸ್ಯದ ನಾಲ್ಕು ಚಟಾಕಿಗಳಾಗಿ ಮಾತ್ರ ಉಳಿದಿರುತ್ತಿದ್ದರು. ಅಂಗಸಾಧಕರೂ ಕಾದಂಬರಿಕಾರರೂ ಆಗಿದ್ದ ಕೆ.ವಿ. ಅಯ್ಯರ್ ಅವರಂಥ ಗೆಳೆಯರು ಬದುಕಿನ ಏರುಪೇರಿನಲ್ಲಿ ಆಸರೆಯಾದರು.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಬರೆಯಲು ಒಲ್ಲದವರಿಗೆ, ಅದೂ ಕನ್ನಡ ಕೆಡಿಸಿದರೆಂಬ ಅಪವಾದ ಹೊತ್ತವರಿಗೆ, ಸಾಹಿತ್ಯದ ದೊಡ್ಡ ಪೀಠ ಒಲಿದು ಬಂದಿತ್ತು. ಆದರೆ ಅಷ್ಟು ಹೊತ್ತಿಗೆ ಆಯುಷ್ಯ ಹೆಚ್ಚು ಉಳಿದಿರಲಿಲ್ಲ. 1946ರ ನವೆಂಬರ್ 23ರಂದು, 62ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

'ಕೀಚಕ' ಆಗ ಇನ್ನೂ ಪುಸ್ತಕವಾಗಿರಲಿಲ್ಲ. ಕೈಲಾಸಂ ಹೇಳಿದ್ದನ್ನು ಕೇಳಿದ್ದ ರಾಮರಾವ್ ಅದನ್ನು ನೆನಪಿನಿಂದ ಬರಹಕ್ಕಿಳಿಸಿದರು. 1949ರಲ್ಲಿ ಅದು ಪ್ರಕಟವಾಯಿತು. ಮುಂದೆ 1980ರ ದಶಕದಲ್ಲಿ ಸಿ.ಆರ್. ಸಿಂಹ ಅವರು 'ಟಿಪಿಕಲ್ ಟಿ.ಪಿ. ಕೈಲಾಸಂ' ಎಂಬ ಏಕವ್ಯಕ್ತಿ ನಾಟಕವನ್ನು ರಂಗಕ್ಕೆ ತಂದರು. ಕೈಲಾಸಂ ಅವರನ್ನು ಕಣ್ಣಾರೆ ಕಂಡಿರದ ತಲೆಮಾರಿನ ಮುಂದೆ ಮತ್ತೆ ಒಬ್ಬನೇ ನಟ ನಿಂತು, ಹಲವು ದನಿಗಳಲ್ಲಿ ಮಾತನಾಡಿದ.