ಕಟ್ಟಿಂಗೇರಿಯಿಂದ ಮುಂಬಯಿಯ ಚಿತ್ರಶಾಲೆಗೆ: ಕೆ. ಕೆ. ಹೆಬ್ಬಾರರ ನೆನಪು

ಮುಂಬಯಿಗೆ ಹೋದವರ ಕತೆ ನಮ್ಮ ಕರಾವಳಿಯ ಮನೆ ಮನೆಯಲ್ಲೂ ಇದೆ. ಬಿಜೂರು, ಉಪ್ಪುಂದ, ಬೈಂದೂರು ಕಡೆಯಿಂದ ಹೋದವರಲ್ಲಿ ಅನೇಕರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರು. ಅದೇ ಮುಂಬಯಿಗೆ ನಮ್ಮ ಜಿಲ್ಲೆಯ ಹುಡುಗನೊಬ್ಬ ಚಿತ್ರ ಬರೆಯುವುದನ್ನು ಕಲಿಯಲೆಂದೇ ಹೋದ. ಮುಂದೆ ಅವರು ದೇಶದ ದೊಡ್ಡ ಚಿತ್ರಕಲಾವಿದರಲ್ಲಿ ಒಬ್ಬರಾದರು. ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು. ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಅವರ ಬದುಕನ್ನು ನಮ್ಮ ಮಕ್ಕಳಿಗೆ ತಿಳಿಸುವುದು ಉಚಿತವೆನಿಸಿತು.

ಹೆಬ್ಬಾರರು ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅವರ ತಂದೆ ಚೌತಿ ಹಬ್ಬಕ್ಕೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಕಲೆಯ ಮೊದಲ ಪಾಠ ಮನೆಯಲ್ಲೇ ಸಿಕ್ಕಿತೆನ್ನಬೇಕು. ಸುತ್ತಲಿನ ಯಕ್ಷಗಾನ, ನಾಗಮಂಡಲ, ಕೋಳಿ ಅಂಕಗಳು ಉಳಿದದ್ದನ್ನು ಕಲಿಸಿದವು. ವೇಷಗಳ ಬಣ್ಣ, ಚೆಂಡೆಯ ಗತಿ, ಕುಣಿತದ ಹೆಜ್ಜೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕಲಿತ ಹೆಬ್ಬಾರರು ಬಳಿಕ ಮುಂಬಯಿ ಸೇರಿದರು. ಅಲ್ಲಿ ಕನ್ನಡಿಗರೇ ಆದ ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರ ಅವರಿಗೆ ಆಸರೆಯಾಯಿತು. ಮುಂದೆ ಹೆಸರಾಂತ ಜೆ. ಜೆ. ಕಲಾಶಾಲೆಯಲ್ಲಿ 1938ರವರೆಗೆ ಕಲಿತರು. 1940ರಿಂದ ಸುಮಾರು ಐದು ವರ್ಷ ಅಲ್ಲೇ ಅಧ್ಯಾಪಕರಾಗಿದ್ದರು. ಕಲಾವಿದನಿಗೆ ತಿಂಗಳ ಸಂಬಳದ ಕೆಲಸ ಸಿಗುವುದು ಆ ಕಾಲದಲ್ಲಿ ಸುಲಭವಾಗಿರಲಿಲ್ಲ. ಅಂಥ ಕೆಲಸವನ್ನು ಬಿಟ್ಟು ಕುಂಚವನ್ನೇ ನಂಬಿದ್ದು ದೊಡ್ಡ ಧೈರ್ಯ. 1949ರಲ್ಲಿ ಅವರು ಪ್ಯಾರಿಸ್ಸಿಗೆ ಹೋಗಿ ಅಲ್ಲಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತರು. ಆಗ ಅವರ ವಯಸ್ಸು ನಲವತ್ತರ ಹತ್ತಿರ. ಅಧ್ಯಾಪಕರಾಗಿದ್ದವರು ಮತ್ತೆ ವಿದ್ಯಾರ್ಥಿಯಾಗಲು ನಾಚಲಿಲ್ಲ. ಲಯವನ್ನು ಮೈಯಲ್ಲೇ ಅರಿಯಬೇಕೆಂದು ಪಂಡಿತ್ ಸುಂದರ್ ಪ್ರಸಾದರಲ್ಲಿ ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದರು. ಅವರ ರೇಖಾಚಿತ್ರಗಳಲ್ಲಿ ಒಂದೇ ಎಳೆತದ ಗೆರೆ ಕುಣಿಯುವ ಮೈಯಾಗಿ ನಿಲ್ಲುವುದನ್ನು ಕಂಡರೆ ಆ ಅಭ್ಯಾಸದ ಫಲ ತಿಳಿಯುತ್ತದೆ.

ಹೆಬ್ಬಾರರ ಕಲಾಜೀವನದಲ್ಲಿ ಸಮೂಹ ಚಿತ್ರಪ್ರದರ್ಶನಗಳಿಗೆ ಮುಖ್ಯ ಸ್ಥಾನವಿದೆ. ಹಲವು ಕಲಾವಿದರು ತಮ್ಮ ಚಿತ್ರಗಳನ್ನು ಒಂದೇ ಗ್ಯಾಲರಿಯ ಗೋಡೆಗಳ ಮೇಲೆ ತೂಗುಹಾಕುವುದೇ ಸಮೂಹ ಪ್ರದರ್ಶನ. ಕೆಲವೊಮ್ಮೆ ಎಲ್ಲರಿಗೂ ವಿಷಯವೂ ಒಂದೇ ಇರುತ್ತದೆ. ನಮ್ಮ ತಾಳಮದ್ದಳೆ ಕೇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪ್ರಸಂಗ ಒಂದೇ, ಪದ್ಯವೂ ಒಂದೇ. ಆದರೆ ಅರ್ಥಧಾರಿ ಬದಲಾದರೆ ಕರ್ಣನೂ ಬದಲಾಗುತ್ತಾನೆ. ಪಕ್ಕದಲ್ಲಿ ಸಮರ್ಥರಿದ್ದಾಗಲೇ ಒಬ್ಬೊಬ್ಬರ ಶಕ್ತಿ ತಿಳಿಯುವುದು. ಚಿತ್ರಕಾರರಿಗೂ ಅಷ್ಟೇ. ಪಕ್ಕದವರನ್ನು ಅನುಕರಿಸಿದವನು ಅವರ ನೆರಳಲ್ಲೇ ಉಳಿಯುತ್ತಾನೆ.

1957ರಲ್ಲಿ ಮುಂಬಯಿಯ ಕೆಲವು ಕಲಾವಿದರು ಸೇರಿ ಬಾಂಬೆ ಗ್ರೂಪ್ ಎಂಬ ಬಳಗ ಕಟ್ಟಿದರು. ಹೆಬ್ಬಾರರೊಂದಿಗೆ ಆರಾ, ಚಾವ್ಡಾ, ಮೋಹನ್ ಸಾಮಂತ್ ಮೊದಲಾದವರು ಅದರಲ್ಲಿದ್ದರು. ಈ ಪೈಕಿ ಆರಾ ಅವರು ಮನೆಗೆಲಸ ಮಾಡಿ, ಕಾರು ತೊಳೆದು ಹೊಟ್ಟೆ ಹೊರೆದು ಕಲಾವಿದರಾದವರು. ಬೇರೆ ಬೇರೆ ಭಾಷೆ, ಬೇರೆ ಬೇರೆ ದಾರಿಯ ಇವರು ಕೆಲವು ವರ್ಷ ಒಟ್ಟಾಗಿ ಪ್ರದರ್ಶನಗಳನ್ನು ನಡೆಸಿದರು. ಎಲ್ಲರೂ ಒಂದೇ ಬಗೆಯಲ್ಲಿ ಬರೆಯಬೇಕೆಂಬ ಕಟ್ಟುಪಾಡು ಅಲ್ಲಿರಲಿಲ್ಲ. ವೆನಿಸ್, ಸಾವೊ ಪಾಲೊ, ಟೋಕಿಯೋಗಳಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನಗಳಿಗೂ ಹೆಬ್ಬಾರರ ಚಿತ್ರಗಳು ಹೋದವು. ನೂರಾರು ಚಿತ್ರಗಳ ನಡುವೆಯೂ ಅವರದೆಂದು ಗುರುತಿಸುವಂತೆ ಮಾಡಿದ್ದು ಇದೇ ನೆಲದ ಬಣ್ಣ, ಇದೇ ಕುಣಿತದ ಲಯ. ಪ್ಯಾರಿಸ್ಸಿನ ಕಲಿಕೆ ಅವರ ಕೈಯನ್ನು ಪಳಗಿಸಿತು; ಊರಿನ ನೆನಪನ್ನು ಅಳಿಸಲಿಲ್ಲ.

ಅವರು ಬರೆದದ್ದು ಉತ್ಸವಗಳನ್ನು ಮಾತ್ರವಲ್ಲ. ಹಸಿವು, ದುಡಿಯುವವರ ಬವಣೆ, ಬಾಂಗ್ಲಾದೇಶದ ಜನರ ಸಂಕಟ ಅವರ ಚಿತ್ರಗಳ ವಸ್ತುವಾದವು. ಅವರ ರೇಖಾಚಿತ್ರಗಳು 1964ರಲ್ಲಿ 'ದಿ ಸಿಂಗಿಂಗ್ ಲೈನ್' ಎಂಬ ಹೆಸರಿನ ಪುಸ್ತಕವಾಗಿ ಬಂದವು. ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಮೂರು ಬಾರಿ ಅವರಿಗೆ ಬಂತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವ ದೊರೆಯಿತು. ಎಳೆಯ ಕಲಾವಿದರಿಗೆ ನೆರವಾಗಲು ತಮ್ಮ ಹೆಸರಿನಲ್ಲಿ ಪ್ರತಿಷ್ಠಾನವೂ ನಡೆಯುವಂತೆ ಮಾಡಿದರು. ತಮ್ಮ ಹಲವು ಚಿತ್ರಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಕೊಟ್ಟರು. 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ತೀರಿಕೊಂಡರು. ಅವರ ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ.

ಈ ಬದುಕಿನಿಂದ ನಮ್ಮ ಶಾಲೆ ತಿಳಿಯಬೇಕಾದ ಮಾತೊಂದಿದೆ. ಪಟ್ಟಿ ಪುಸ್ತಕದ ಅಂಚಿನಲ್ಲಿ ಯಕ್ಷಗಾನದ ಕಿರೀಟ ಬರೆಯುವ ಮಗು ಪ್ರತಿ ತರಗತಿಯಲ್ಲೂ ಒಂದಿರುತ್ತದೆ. ಪರೀಕ್ಷೆ ಹತ್ತಿರವಾದಾಗ ಮೊದಲು ರದ್ದಾಗುವುದು ಡ್ರಾಯಿಂಗ್ ಪೀರಿಯಡ್. ಚಿತ್ರ ಬರೆದರೆ ಅನ್ನ ಸಿಗುತ್ತದೆಯೇ ಎಂದು ಮನೆಯವರು ಕೇಳುವುದೂ ತಪ್ಪಲ್ಲ. ಕಷ್ಟ ಕಂಡವರ ಪ್ರಶ್ನೆ ಅದು. ಬರೆಯುವ ಎಲ್ಲರೂ ಹೆಬ್ಬಾರರಾಗುವುದೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಒಂದು ವಿಷಯ ಕೊಟ್ಟು, ಹತ್ತು ಮಕ್ಕಳ ಚಿತ್ರಗಳನ್ನು ಶಾಲೆಯ ಜಗಲಿಯಲ್ಲಿ ಸಾಲಾಗಿ ತೂಗುಹಾಕಲು ಹೆಚ್ಚು ಖರ್ಚಿಲ್ಲ. ಸೋಣೆ ತಿಂಗಳ ಮಳೆ, ದೋಣಿ ಇಳಿಸುವ ಕಡಲತಡಿ, ಗದ್ದೆಯ ನಾಟಿ, ಯಾವ ವಿಷಯವಾದರೂ ಆದೀತು. ಒಂದೇ ಮಳೆಯನ್ನು ಹತ್ತು ಮಕ್ಕಳು ಹತ್ತು ರೀತಿ ಕಂಡದ್ದನ್ನು ಊರವರು ಬಂದು ನೋಡಲಿ.

ಹೆಬ್ಬಾರರ ಹೆಸರಿನ ಚಿತ್ರಶಾಲೆ ಮಣಿಪಾಲದಲ್ಲಿದೆ. ಆಸ್ಪತ್ರೆಗೆಂದು ನಾವೆಲ್ಲ ಅಲ್ಲಿಗೆ ಹೋಗಿಬರುತ್ತೇವೆ. ಇನ್ನೊಮ್ಮೆ ಹೋದಾಗ, ಪುರುಸೊತ್ತಿದ್ದರೆ, ಚಿತ್ರ ಬರೆಯುವ ಮನೆಯ ಮಗುವನ್ನೂ ಕರೆದುಕೊಂಡು ಹೋಗಿ ಅವನ್ನು ತೋರಿಸೋಣ.