ಅರಳುಮರಳಿನ ಜಾಡು ಹಿಡಿದ ಡಾಕ್ಟರ್ ಅಲ್ಝೈಮರ್

ಅರವತ್ತಕ್ಕೆ ಅರಳುಮರಳು ಅಂತ ಹೇಳಿ ನಾವು ಸುಮ್ಮನಾಗ್ತೀವಿ. ಆದರೆ ಐವತ್ತೊಂದಕ್ಕೇ ಮರೆವು ಬಂದರೆ? ಜರ್ಮನಿಯ ಡಾಕ್ಟರ್ ಅಲೋಯಿಸ್ ಅಲ್ಝೈಮರ್ ಅವರ ಮುಂದೆ ಬಂದದ್ದು ಇದೇ ಪ್ರಶ್ನೆ. ಕಾಯಿಲೆ ಹೆಸರು ಎಲ್ಲರ ಬಾಯಲ್ಲಿದೆ, ಅದೊಬ್ಬ ಮನುಷ್ಯನ ಹೆಸರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಲ್ಲಿ. 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆ ಸೇರಿದರು. ಹಗಲೆಲ್ಲ ರೋಗಿಗಳು, ಸಂಜೆಯಾದರೆ ಮೈಕ್ರೋಸ್ಕೋಪ್. ಮಿದುಳಿನ ತೆಳು ಚೂರಿಗೆ ಬಣ್ಣ ಹಾಕಿ ನೋಡುವ ಕೆಲಸಕ್ಕೆ ಫ್ರಾಂಜ್ ನಿಸ್ಲ್ ಎಂಬ ಗೆಳೆಯ ಜತೆಯಾದರು.

1901ರ ಫೆಬ್ರವರಿಯಲ್ಲಿ ಹೆಂಡತಿ ಸೆಸಿಲಿ ಮೂವರು ಮಕ್ಕಳನ್ನು ಬಿಟ್ಟು ತೀರಿಕೊಂಡರು. ಅದೇ ವರ್ಷ ನವೆಂಬರ್‌ನಲ್ಲಿ ಔಗುಸ್ಟೆ ಡೆಟರ್ ಎಂಬ 51 ವರ್ಷದ ಮಹಿಳೆ ಆಸ್ಪತ್ರೆಗೆ ದಾಖಲಾದರು. ಮೊದಲು ಶುರುವಾದದ್ದು ಗಂಡನ ಮೇಲೆ ಅನುಮಾನ. ಆಮೇಲೆ ಅಡುಗೆ ಕೆಡೋದು, ಸಾಮಾನು ಬಚ್ಚಿಡೋದು. (ನಮ್ಮ ಮನೆಗಳಲ್ಲೂ ಇಂಥದ್ದನ್ನು ಜಗಳ ಅಂದುಕೊಂಡು ವರ್ಷಗಟ್ಟಲೆ ಕಳೆಯೋರಿದ್ದಾರೆ.) ಅಲ್ಝೈಮರ್ ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಕೇಳಿ ಉತ್ತರ ಬರೆದುಕೊಂಡರು. ಪೆನ್ನು, ಬೀಗದ ಕೈ ತೋರಿಸಿದರೆ ಆಕೆ ಹೆಸರು ಹೇಳುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಏನು ನೋಡಿದ್ದೆಂಬುದೇ ನೆನಪಿಲ್ಲ. ಹೆಸರು ಬರೆಯಲು ಕೊಟ್ಟರೆ ಶ್ರೀಮತಿ ಎಂಬಲ್ಲಿಗೇ ಕೈ ನಿಂತಿತು.

1903ರಲ್ಲಿ ಅವರು ಫ್ರಾಂಕ್‌ಫರ್ಟ್ ಬಿಟ್ಟು, ಕೊನೆಗೆ ಮ್ಯೂನಿಕ್ ಸೇರಿದರು. ಆದರೂ ಈ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲ್ 8ರಂದು ಔಗುಸ್ಟೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡು ನೋಡಿದರು. ಮಿದುಳು ಕುಗ್ಗಿತ್ತು. ಕೋಶಗಳ ನಡುವೆ ಗಂಟುಗಂಟಾದ ಕಲೆ, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆ. ನರಕೋಶಗಳನ್ನು ನೋಡಿಕೊಳ್ಳುವ ಗ್ಲಿಯಾ ಕೋಶಗಳೂ ಮಾಮೂಲಿನಂತಿರಲಿಲ್ಲ. ಅದನ್ನೂ ಬರೆದಿಟ್ಟರು.

ಆ ಗ್ಲಿಯಾ ಮಾತು ಬಹಳ ಕಾಲ ಮೂಲೆಗೆ ಬಿದ್ದಿತ್ತು. ಈಗ ಅದೇ ದೊಡ್ಡ ವಿಷಯ. ಗ್ಲಿಯಾ ಕೆರಳಿದರೆ ಮಿದುಳಲ್ಲಿ ಉರಿಯೂತ. ಆಗ ಹೆಚ್ಚಾಗುವ ಜಿಎಫ್‌ಎಪಿ ಎಂಬ ಪ್ರೋಟೀನನ್ನು ರಕ್ತದಲ್ಲೇ ಅಳೆಯಬಹುದು. ನೆನಪು ಕೂಡಿಡುವ ಹಿಪೊಕ್ಯಾಂಪಸ್ ಸವೆಯುವುದು ಕಾಯಿಲೆಯ ಶುರುವಿನಲ್ಲೇ ಎಂಆರ್‌ಐನಲ್ಲಿ ಕಾಣಬಹುದು. ಉರಿಯೂತ ಮೊದಲಾ, ಸವೆತ ಮೊದಲಾ ಅನ್ನೋ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ. ಅಲ್ಝೈಮರ್‌ಗೆ ಇದೆಲ್ಲ ಕಂಡದ್ದು ರೋಗಿ ಸತ್ತ ಮೇಲೆ.

1906ರ ನವೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ಡಾಕ್ಟರುಗಳ ಸಭೆಯ ಮುಂದೆ ಇದನ್ನಿಟ್ಟಾಗ ಒಬ್ಬರೂ ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಹಿರಿಯರಾದ ಎಮಿಲ್ ಕ್ರೆಪೆಲಿನ್ ತಮ್ಮ ಪುಸ್ತಕದಲ್ಲಿ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ಟರು. 1912ರಲ್ಲಿ ಬ್ರೆಸ್ಲಾವ್‌ನಲ್ಲಿ ಪ್ರೊಫೆಸರ್ ಹುದ್ದೆ ಸಿಕ್ಕಿತು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. 1915ರ ಡಿಸೆಂಬರ್ 19ರಂದು ತೀರಿಕೊಂಡರು. ಆಗ ಅವರಿಗೂ 51.

ಔಗುಸ್ಟೆ ಅವರ ಫೈಲು 1995ರಲ್ಲಿ ಫ್ರಾಂಕ್‌ಫರ್ಟ್‌ನ ಹಳೇ ಕಡತಗಳ ನಡುವೆ ಸಿಕ್ಕಿತು. ಡಾಕ್ಟರ ಕೈಬರಹ ಹಾಗೇ ಇತ್ತು.