ಕಿಟ್ಟೆಲ್ ಪಾದ್ರಿಗಳ ಜೀವಿತವೂ ದಿನದಿನದ ಅಭ್ಯಾಸವೂ

ಇಳಕಲ್ಲಿನಲ್ಲಾಗಲಿ ಗುಳೇದಗುಡ್ಡದಲ್ಲಾಗಲಿ ಕೈಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತವರು ಒಂದು ಸಂಗತಿಯನ್ನು ಕಂಡಿರುವರು. ಲಾಳಿಯು ಒಮ್ಮೆ ಓಡಿದರೆ ಹೊಕ್ಕಿನ ಒಂದೇ ಎಳೆ ಸೇರುವದು. ಆ ಒಂದು ಎಳೆಯನ್ನು ತೋರಿಸಿ ಇದು ಸೀರೆಯೆಂದು ಯಾರೂ ಹೇಳಲಾರರು. ಆದರೂ ಎಳೆಯ ಮೇಲೆ ಎಳೆ ಬೀಳುತ್ತಾ ಕೆಲವು ದಿವಸಗಳಲ್ಲಿ ಸೀರೆಯು ಸಿದ್ಧವಾಗುವದು. ನಂಬಿಕೆಯ ಜೀವಿತವೂ ಹಾಗೆಯೇ. ಕ್ರಿಸ್ತಜಯಂತಿಯ ರಾತ್ರಿಯಲ್ಲಿಯೂ ಸುಗ್ಗಿಯ ಸ್ತೋತ್ರಾರಾಧನೆಯಲ್ಲಿಯೂ ನಮ್ಮ ಮನಸ್ಸು ಉರಿಯುವದು ಸಹಜವೇ. ಆದರೆ ಮಳೆ ತಪ್ಪಿದ ವರ್ಷದಲ್ಲಿ, ಮಗು ಜ್ವರದಿಂದ ಮಲಗಿದ ರಾತ್ರಿಯಲ್ಲಿ, ಸಾಲ ಕೊಟ್ಟವನು ಬಾಗಿಲಿಗೆ ಬಂದು ನಿಂತಾಗ ನಮ್ಮನ್ನು ಬೀಳದಂತೆ ಹಿಡಿಯುವದು ಯಾವದು? ಇದನ್ನು ವಿಚಾರಿಸುವದಕ್ಕಾಗಿ ಕನ್ನಡ ನಾಡೆಲ್ಲಾ ಬಲ್ಲ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದಿಡುತ್ತೇನೆ.

ಫೆರ್ಡಿನಾಂಡ್ ಕಿಟ್ಟೆಲರು 1832ರಲ್ಲಿ ಜರ್ಮನಿಯ ಉತ್ತರ ಸಮುದ್ರತೀರದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆಯು ಆ ಊರಿನ ಸಭಾಪಾಲಕರು. ಅದೇ ವರ್ಷ ಬಳ್ಳಾರಿಯಲ್ಲಿ ಸೇವೆಮಾಡಿದ ರೀವ್ ಎಂಬ ಮಿಶನರಿಯವರ ಕನ್ನಡ ಇಂಗ್ಲಿಷ್ ಕೋಶವು ಅಚ್ಚಾಯಿತು. ಅದಕ್ಕಿಂತಲೂ ದೊಡ್ಡ ಕೋಶವನ್ನು ಬರೆಯುವ ಕೂಸು ಆಗ ಸಾವಿರಾರು ಹರದಾರಿಗಳಾಚೆ ತೊಟ್ಟಿಲಲ್ಲಿತ್ತು. ದೇವರ ಆಲೋಚನೆಗಳು ಮನುಷ್ಯರ ಲೆಕ್ಕಕ್ಕೆ ಸಿಕ್ಕುವವುಗಳಲ್ಲ.

ಬಾಲ್ಯದಲ್ಲಿ ಇಬ್ರಿಯ, ಗ್ರೀಕ್, ಲತೀನ್ ಮೊದಲಾದ ಭಾಷೆಗಳನ್ನು ಕಲಿತ ಕಿಟ್ಟೆಲರು 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸೆಮಿನರಿಯನ್ನು ಸೇರಿದರು. 1853ರಲ್ಲಿ ಹಡಗು ಹತ್ತಿ ಹಿಂದೂದೇಶಕ್ಕೆ ಬಂದು ಧಾರವಾಡವನ್ನು ಮುಟ್ಟಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ ವಯಸ್ಸು. ನಮ್ಮ ಬಾದಾಮಿ ಸೀಮೆಯ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನಿನವರು ನೇಕಾರರ ನಡುವೆ ಕೆಲಸಕ್ಕೆ ತೊಡಗಿ ಆಗ್ಗೆ ಎರಡು ವರ್ಷಗಳಷ್ಟೇ ಆಗಿದ್ದವು.

ಧಾರವಾಡದಲ್ಲಿ ಆ ಯೌವನಸ್ಥರು ತಮಗೊಂದು ರೂಢಿಯನ್ನು ಮಾಡಿಕೊಂಡರು. ಸಾಹೇಬರಂತೆ ದೂರದಲ್ಲಿರದೆ ಜನರೊಳಗೆ ಜನರಾಗಿರಬೇಕೆಂದು ಹಳ್ಳಿಹಳ್ಳಿಗೆ ಕಾಲ್ನಡೆಯಲ್ಲಿ ಹೋದರು. ಒಕ್ಕಲಿಗರ ಮಾತನ್ನೂ ಗಾದೆಗಳನ್ನೂ ಕಿವಿಗೊಟ್ಟು ಕೇಳಿದರು. ಕನ್ನಡವನ್ನು ನಿತ್ಯವೂ ಶ್ರಮಪಟ್ಟು ಅಭ್ಯಾಸಮಾಡಿದರು. ಆದರೆ ಅವರ ಈ ರೀತಿಯು ಜೊತೆಯ ಮಿಶನರಿಗಳಲ್ಲಿ ಹಲವರಿಗೆ ಒಪ್ಪಿಗೆಯಾಗಲಿಲ್ಲ. ಮನಸ್ತಾಪಗಳುಂಟಾದವು. ತರುವಾಯ ಅವರನ್ನು ಮಂಗಳೂರಿಗೆ ಕಳುಹಿಸಿದರು. ಮುಂದೆ ಕೊಡಗಿನಲ್ಲಿಯೂ ಅವರು ಸೇವೆಮಾಡಿದರು. ಊರು ಬದಲಾಯಿತು, ಕೆಲಸ ಬದಲಾಯಿತು. ಕೇಳಿ ಕಲಿಯುವ ರೂಢಿಯು ಮಾತ್ರ ಬದಲಾಗಲಿಲ್ಲ.

ದುಃಖವೂ ಅವರನ್ನು ಬಿಡಲಿಲ್ಲ. 1860ರಲ್ಲಿ ಪೌಲೀನಾ ಎಂಬಾಕೆಯನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಆಕೆಯು ತೀರಿಹೋದಳು. ಮುಂದೆ ಆಕೆಯ ತಂಗಿಯಾದ ಯೂಲಿಯಾ ಅವರ ಕೈಹಿಡಿದಳು. ಪರದೇಶದಲ್ಲಿ ಹೆಂಡತಿಯನ್ನು ಮಣ್ಣಿಗೆ ಒಪ್ಪಿಸಿದವನ ಮನೆ ಹೇಗಿರುವದೆಂಬದನ್ನು ನಮ್ಮಲ್ಲಿ ಅಂಥಾ ದುಃಖವನ್ನು ಕಂಡವರು ಬಲ್ಲರು. ಅಂಥಾ ದಿವಸಗಳಲ್ಲಿ ಹೊಸ ಉತ್ಸಾಹವು ಹುಟ್ಟುವದಿಲ್ಲ. ಮುಂಚಿನಿಂದ ಕೈಗೆ ಬಂದಿರುವ ಕೆಲಸ, ಬಾಯಿಗೆ ಬಂದಿರುವ ಪ್ರಾರ್ಥನೆ, ಇವೇ ಮನುಷ್ಯನನ್ನು ಬೆಳಿಗ್ಗೆ ಎಬ್ಬಿಸುವವು. ಕಿಟ್ಟೆಲರ ಲೇಖಣಿಯು ನಿಲ್ಲಲಿಲ್ಲವೆಂಬದಕ್ಕೆ ಅವರ ಪುಸ್ತಕಗಳೇ ಸಾಕ್ಷಿ.

1862ರಲ್ಲಿ ಅವರು ಕಥಾಮಾಲೆ ಎಂಬ ಪುಸ್ತಕವನ್ನು ಪ್ರಕಟಿಸಿದ್ದರು. ಅದರಲ್ಲಿ ಕರ್ತನಾದ ಯೇಸುವಿನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿಯೇ ಹಾಡುವಂತೆ ಕಟ್ಟಿದ್ದಾರೆ. ಓದುಬರಹವಿಲ್ಲದವರ ಬಾಯಲ್ಲಿಯೂ ಹಾಡು ನಿಲ್ಲುವದಲ್ಲವೇ? ಬೀಸುವಾಗಲೂ ಕಳೆ ತೆಗೆಯುವಾಗಲೂ ಹಾಡುವದು ನಮ್ಮ ತಾಯಂದಿರ ರೂಢಿ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದಸ್ಸನ್ನು 1875ರಲ್ಲಿಯೂ ಶೋಧಿಸಿ ಅಚ್ಚುಹಾಕಿಸಿದರು.

ಆ ಮೇಲೆ ಮಹಾಕೋಶದ ಕೆಲಸ. ಅದು ಹೆಚ್ಚುಕಡಿಮೆ ಇಪ್ಪತ್ತು ವರ್ಷ ಹಿಡಿಯಿತು. ಸುವಾರ್ತೆಯನ್ನು ಸಾರಬೇಕಾದವನು ಶಬ್ದಗಳನ್ನು ಆರಿಸುತ್ತಾ ಕೂತುಕೊಳ್ಳುವದು ಮಿಶನ್ ಕೆಲಸವೋ ಎಂದು ಸಂಶಯಪಟ್ಟವರು ಇದ್ದರು. ನಡುವೆ ಅವರು ಸ್ವದೇಶಕ್ಕೆ ಹೋದರು. ಆದರೂ ಕೋಶವನ್ನು ಪೂರೈಸುವದಕ್ಕಾಗಿ ತಿರಿಗಿ ಬಂದರು. ಹಳೇ ಕಾವ್ಯಗಳಿಂದಲೂ ಶಾಸನಗಳಿಂದಲೂ ಸಂತೆಯ ಮಾತಿನಿಂದಲೂ ಶಬ್ದಗಳನ್ನು ಕೂಡಿಸಿದರು. ಈ ದೇಶದ ಪಂಡಿತರು ಅವರಿಗೆ ಸಹಾಯಕರಾಗಿದ್ದರು. ಗಾದೆಗಳನ್ನು ಹೇರಳವಾಗಿ ಸೇರಿಸಿದರು. ಆಗ ದಕ್ಷಿಣ ಮಹಾರಾಷ್ಟ್ರ ಸೀಮೆಯೆಂದು ಕರೆಯಲ್ಪಡುತ್ತಿದ್ದ ನಮ್ಮ ಈ ಭಾಗದ ಮಾತುಗಳಿಗೆ ಪ್ರತ್ಯೇಕ ಗುರುತನ್ನಿಟ್ಟು ಕೋಶದಲ್ಲಿ ಸ್ಥಳಕೊಟ್ಟರು. ಪೇಟೆಯವರು ನಗುವ ನಮ್ಮ ಹಳ್ಳಿಯ ಮಾತೂ ಅವರ ಕಣ್ಣಿಗೆ ಅಲ್ಪವಾಗಿ ತೋರಲಿಲ್ಲ.

1894ರಲ್ಲಿ ಕೋಶವು ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ಹೊರಟಿತು. 1700ಕ್ಕೆ ಮಿಕ್ಕಿದ ಪುಟಗಳು, ಸುಮಾರು 70,000 ಶಬ್ದಗಳು. 1896ರಲ್ಲಿ ಟ್ಯುಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವೂ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯುಬಿಂಗೆನಿನಲ್ಲಿ ಅವರು ನಿದ್ರೆಹೋದರು. ಮದ್ರಾಸ್ ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ಅವರ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಾಗಿ ಹೊರತಂದಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜು ಉಂಟು. ಬೆಂಗಳೂರಿನಲ್ಲಿ ಅವರ ಪ್ರತಿಮೆಯೂ ನಿಂತಿದೆ.

ಈಗ ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. 70,000 ಶಬ್ದಗಳನ್ನು ಇಪ್ಪತ್ತು ವರ್ಷಗಳ ದಿವಸಗಳಿಗೆ ಹಂಚಿದರೆ ದಿನಕ್ಕೆ ಹತ್ತು ಶಬ್ದಗಳಿಗಿಂತ ಹೆಚ್ಚಾಗುವದಿಲ್ಲ. ಹತ್ತು! ಸಂಡೇ ಶಾಲೆಯ ಹುಡುಗನು ಸಹ ಒಂದು ಸಂಜೆಯಲ್ಲಿ ಹತ್ತು ಶಬ್ದಗಳನ್ನು ಬರೆದಾನು. ಆದರೆ ನಾಳೆಯೂ ಹತ್ತು, ನಾಡಿದ್ದೂ ಹತ್ತು, ಹೊಗಳುವವರಿಲ್ಲದ ದಿವಸದಲ್ಲಿಯೂ ಹತ್ತು, ದುಃಖದಲ್ಲಿಯೂ ಹತ್ತು ಎಂಬದರಲ್ಲಿಯೇ ಭೇದವಿರುವದು. ದೊಡ್ಡ ಕೆಲಸವೆಂಬದು ಬೇರೆ ಯಾವದೂ ಅಲ್ಲ. ಬಿಡದೆ ಮಾಡಿದ ಚಿಕ್ಕ ಕೆಲಸವೇ.

ನಂಬಿಕೆಯನ್ನು ಈ ಲೆಕ್ಕದಲ್ಲಿಟ್ಟು ನೋಡಿರಿ. ಅರಣ್ಯದಲ್ಲಿ ಇಸ್ರಾಯೇಲ್ಯರು ಮನ್ನವನ್ನು ದಿನದಿನವೂ ಕೂಡಿಸಬೇಕಾಗಿತ್ತು. ಸಬ್ಬತ್ತಿಗಾಗಿ ಕೂಡಿಸಿದ್ದರ ಹೊರತು ಮರುದಿನಕ್ಕೆಂದು ಇಟ್ಟದ್ದು ಹುಳಬಿದ್ದು ನಾರಿತು. ಹಬ್ಬದ ದಿವಸದ ಭಕ್ತಿಯನ್ನು ವರುಷವೆಲ್ಲಾ ಉಣ್ಣುವೆವೆಂಬ ನಮ್ಮ ಆಲೋಚನೆಯೂ ಹಾಗೆಯೇ ಕೆಡುವದು. ಆದದರಿಂದ ಮಗ್ಗದ ಕುಣಿಗೆ ಇಳಿಯುವದಕ್ಕೆ ಮುಂಚೆ, ಎತ್ತಿನ ಕೊರಳಿಗೆ ನೊಗವಿಡುವದಕ್ಕೆ ಮುಂಚೆ, ಸತ್ಯವೇದದ ಒಂದು ವಚನ ಸಾಕು. ಓದಲು ಬಾರದವರು ಶಾಲೆಗೆ ಹೋಗುವ ಮಗುವಿನಿಂದ ಓದಿಸಿ ಕೇಳಲಿ. ದೀಪ ಹಚ್ಚಿದ ಕೂಡಲೆ ಮನೆಯವರೆಲ್ಲರು ಸೇರಿ ಒಬ್ಬ ನೆರೆಯವನ ಹೆಸರನ್ನಾದರೂ ಹೇಳಿ ಪ್ರಾರ್ಥಿಸಲಿ. ಜೋಳ ಬೀಸಲಿಕ್ಕೆ ಕೊಡುವ ತಾಯಿಯು ಒಂದು ಹಿಡಿಯನ್ನು ಬಡವರಿಗಾಗಿ ತೆಗೆದಿಡಲಿ. ಸಂತೆಯಲ್ಲಿ ಕೂತವನ ತಕ್ಕಡಿಯು ಭಾನುವಾರದ ಹಾಡಿಗೆ ವಿರೋಧವಾಗದಿರಲಿ.

ಇಂಥಾ ಅಭ್ಯಾಸವು ಬರೀ ಬಾಯಿಪಾಠವಾಗಿ ಹೋಗುವದೆಂದು ಕೆಲವರು ಭಯಪಡುತ್ತಾರೆ. ಆ ಭಯವು ಸುಳ್ಳಲ್ಲ. ಮನಸ್ಸಿಲ್ಲದ ಪ್ರಾರ್ಥನೆಯು ನೂಲಿಲ್ಲದ ಲಾಳಿಯಂತೆ ಸಪ್ಪಳಮಾಡುವದೇ ಹೊರತು ನೇಯುವದಿಲ್ಲ. ಅಭ್ಯಾಸವು ನಮ್ಮನ್ನು ರಕ್ಷಿಸಲಾರದು; ರಕ್ಷಿಸುವವನು ಕರ್ತನೇ. ಆದರೆ ಕಿಟ್ಟೆಲರು ದಿನದಿನವೂ ಮೇಜಿನ ಮುಂದೆ ಕೂತದ್ದರಿಂದಲೇ ಶಬ್ದದ ಅರ್ಥವು ಅವರಿಗೆ ಹೊಳೆಯಿತು. ಹಾಗೆಯೇ ನಾವು ದಿನದಿನವೂ ಆತನ ಪಾದದ ಬಳಿಯಲ್ಲಿ ಕೂತರೆ ಆತನು ಮಾತಾಡುವಾಗ ಅಲ್ಲಿ ಇರುವೆವು.

ಇನ್ನೊಂದು ಮಾತು. ಆಲಮಟ್ಟಿಯ ಹಿನ್ನೀರು ಏರಿದಾಗ ಬಾಗಲಕೋಟೆಯ ಹಳೇ ಊರಿನ ಎಷ್ಟೋ ಮನೆಗಳು ಹೋದವು. ಜನರು ನವನಗರಕ್ಕೆ ಎದ್ದುಹೋಗಬೇಕಾಯಿತು. ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗಳಿಂದ ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಹೋಗುವವರು ಈಗಲೂ ಬಹಳ ಮಂದಿ. ಅವರ ಸಂಗಡ ದೇವಾಲಯವು ಹೋಗದು, ಉಪದೇಶಿಯೂ ಹೋಗನು. ಕೂಸಿನಿಂದ ಕಲಿತ ಅಭ್ಯಾಸವೊಂದೇ ಗಂಟಿನಲ್ಲಿ ಕಟ್ಟದಿದ್ದರೂ ಜೊತೆಗೆ ಹೋಗುವದು. ಧಾರವಾಡದಿಂದ ಮಂಗಳೂರಿಗೆ ಹೋದ ಆ ಯೌವನಸ್ಥರೊಡನೆ ಅವರ ರೂಢಿಯು ಹೋಯಿತಲ್ಲವೇ?

ಒಂದು ದಿವಸ ತಪ್ಪಿದರೆ ಎದೆಗೆಡಬೇಡಿರಿ. ಎಳೆ ಕಡಿದರೆ ನೇಕಾರನು ಮಗ್ಗವನ್ನು ಮುರಿದುಹಾಕುವದಿಲ್ಲ. ಕಡಿದ ತುದಿಗಳನ್ನು ಹುಡುಕಿ ಗಂಟುಹಾಕಿ ತಿರಿಗಿ ಲಾಳಿಯನ್ನು ಎಸೆಯುತ್ತಾನೆ. ನಾವೂ ಹಾಗೆಯೇ ಮಾಡುವಂತೆ ಕರ್ತನು ನಮಗೆ ಬಲಕೊಡಲಿ.